ಭಂಗಿ ಎಲೆಗೆ ಎರಡು ಬೀಗ

ಅಬಕಾರಿ ಇಲಾಖೆಯ ಹೆಂಗಸಿನ ಮನೆಗೆ ಯಾರೂ ಸುಮ್ಮನೆ ಬರುವುದಿಲ್ಲ. ಬಂದರೆ ಅವರಿಗೊಂದು ಕೆಲಸವಿರುತ್ತದೆ, ಕೆಲಸವಿದ್ದವರ ಕೈಯಲ್ಲೊಂದು ಚೀಲವಿರುತ್ತದೆ, ಚೀಲದ ಮೇಲೆ ಬಾಳೆಹಣ್ಣು ಕಂಡರೂ ತಳದಲ್ಲಿ ಬೇರೇನೋ ಇರುತ್ತದೆ. ಹೀಗಾಗಿ ನೌಕರಿ ಸೇರಿದ ಹೊಸದರಲ್ಲೇ ನಾನೊಂದು ನೇಮ ಹಾಕಿಕೊಂಡೆ: ಲೈಸೆನ್ಸ್ ಕೇಳಿದವರ ಮನೆಯಲ್ಲಿ ನೀರನ್ನೂ ಕುಡಿಯಬಾರದು. ಸೇಡಂ, ಚಿತ್ತಾಪುರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಜಗಳಕ್ಕೆ ಬಂದವನಿಗೂ ಮೊದಲು ಚಹಾ ಕೊಟ್ಟು ಆಮೇಲೆ ಬೈಯುತ್ತಾರೆ. ಚಹಾ ಒಲ್ಲೆ ಅಂದವಳನ್ನು ಸೊಕ್ಕಿನವಳು ಅನ್ನುತ್ತಾರೆ. ಅನ್ನಿಸಿಕೊಂಡೆ. ಆಮೇಲಾಮೇಲೆ ಕರೆಯುವವರೇ ಇಲ್ಲದಾಗಿ, ನೇಮ ಪಾಲಿಸುವುದು ಬಹಳ ಸುಲಭವಾಯಿತು.

ನಮ್ಮದು ಗುಂಡಗುರ್ತಿ ಕಡೆಯ ತೊಗರಿ ಬೆಳೆಯುವ ಮನೆತನ, ಲಿಂಗ ಕಟ್ಟಿಕೊಂಡ ಜನ. ಮನೆಯ ಅಂಗಳದಲ್ಲಿ ಬೀಡಿಯ ವಾಸನೆ ಸಹ ಸುಳಿಯದ ಹಾಗೆ ನೋಡಿಕೊಂಡಿದ್ದ ಅಪ್ಪನಿಗೆ ಮಗಳು ಸರ್ಕಾರಿ ನೌಕರಿ ಹಿಡಿದದ್ದು ಹಿಗ್ಗೇ, ಆದರೆ ಯಾವ ಇಲಾಖೆ ಎಂದು ಹೇಳುವಾಗ ದನಿ ಇಳಿಯುತ್ತಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ‘ಶೆರೆ ಇಲಾಖಿ’ ಎಂದು ತಿಳಿದ ಕೂಡಲೇ ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಅವರಲ್ಲಿ ಒಬ್ಬಾತ ಎಷ್ಟೋ ವರ್ಷಗಳ ಮೇಲೆ ಶಹಾಬಾದಿನ ಒಂದು ಬಾರಿನ ತಪಾಸಣೆಗೆ ನಾನು ಹೋದಾಗ ಮೂಲೆಯ ಟೇಬಲ್ಲಿನಲ್ಲಿ ಕಂಡ. ಆತ ನನ್ನ ಗುರುತು ಹಿಡಿಯಲಿಲ್ಲ, ನಾನು ಹಿಡಿದೆ. ನಗು ತಡೆದುಕೊಂಡು ಹೊರಗೆ ಬಂದೆ. ಮನೆಗೆ ಬಂದ ಮೇಲೆ ಆ ನಗುವನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ, ಅಡುಗೆ ಮಾಡಿಕೊಂಡು ಉಂಡು ಮಲಗಿದೆ.

ನನ್ನ ಕೆಲಸ ಎರಡು ಬಗೆಯದು. ವಾಡಿ, ಶಹಾಬಾದಿನ ಕಡೆ ಹೋದರೆ ಮದ್ಯದಂಗಡಿಗಳ ಲೈಸೆನ್ಸು. ಚಿಂಚೋಳಿಯ ಕಡೆ ಹೋದರೆ ತೊಗರಿ ಹೊಲ. ತೊಗರಿ ಎದೆಮಟ್ಟ ಬೆಳೆದಾಗ ಅದರ ಸಾಲಿನ ನಡುವೆ ಗಾಂಜಾ ಗಿಡ ಹಾಕುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಚಿಮ್ಮನಚೋಡದ ಆಚೆ ಇಂಥ ಗಿಡಗಳನ್ನು ಕಿತ್ತು, ತೂಕ ಮಾಡಿ, ಪಂಚರ ಸಹಿ ಹಾಕಿಸಿ, ಆಮೇಲೆ ಅಪ್ಪಣೆ ತಂದು ಸುಟ್ಟಿದ್ದೇನೆ. ಸುಡುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕೆಂದು ಹೊಸ ಪೇದೆಗಳಿಗೆ ಹೇಳಿಕೊಡುವವಳು ನಾನೇ. ಆ ವಾಸನೆ ಎರಡು ಸಲ ತಲೆಗೆ ಎರೆದುಕೊಂಡರೂ ಕೂದಲಿಂದ ಹೋಗುವುದಿಲ್ಲ.

ಇಂಥವಳ ಬಾಗಿಲಿಗೆ ಸೇಡಂನಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಟೀಚರು ಬಂದರು. ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವರು, ನನಗಿಂತ ಸ್ವಲ್ಪ ದೊಡ್ಡವರು, ಮದುವೆಯಾಗದೆ ಉಳಿದವರು. ನಾನು ಆ ಮನೆಗೆ ಬಾಡಿಗೆಗೆ ಬಂದು ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಅವರ ಕೈಯಲ್ಲಿ ಮುಚ್ಚಿದ ತಾಟು. ನಾನು ರೂಢಿಯಂತೆ ತಾಟಿನ ತಳ ನೋಡಿದೆ.

“ಹಿಂಗ್ಯಾಕ ನೋಡ್ತಿ? ಜ್ವಾಳದ ರೊಟ್ಟಿ, ಪುಂಡಿಪಲ್ಯ. ಲೈಸೆನ್ಸ್ ಗಿಯ್ಸೆನ್ಸ್ ಏನೂ ಬ್ಯಾಡವಾ ನಂಗ. ಒಬ್ಬಾಕೇ ಉಣ್ಣಾಕ ಬ್ಯಾಸರ ಆಗ್ತದ, ಅದಕ್ಕ ಬಂದೀನಿ” ಅಂದರು.

ನೌಕರಿಗೆ ಸೇರಿದ ಮೇಲೆ ನನ್ನಿಂದ ಏನೂ ಬೇಡದೆ ಒಳಗೆ ಬಂದ ಮೊದಲ ಮನುಷ್ಯರು ಅವರು. ಅಂದಿನಿಂದ ಅವರನ್ನು ಅಕ್ಕ ಎಂದೇ ಕರೆದೆ. ವರ್ಷಗಟ್ಟಲೆ ಇಬ್ಬರೂ ಸಂಜೆ ಒಂದೇ ತಾಟಿನ ಮುಂದೆ ಕೂತೆವು. ನನ್ನ ಸೊಕ್ಕನ್ನು ಆಡಿಕೊಂಡು ನಗುವ ಹಕ್ಕು ಭೂಮಿಯ ಮೇಲೆ ಅವರೊಬ್ಬರಿಗೇ ಇತ್ತು. ತಿನ್ನುವಾಗ ತಪ್ಪು ಕನ್ನಡ ಮಾತಾಡಿದರೆ ನನ್ನನ್ನೂ ತಿದ್ದುತ್ತಿದ್ದರು.

ಅಕ್ಕನಿಗೆ ಒಂದು ನಿಷ್ಠೆಯಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಚಾಪೆಯ ಮೇಲೆ ನೆಟ್ಟಗೆ ಕೂತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಬೇಕು. ಜ್ವರವಿರಲಿ, ಪರೀಕ್ಷೆಯ ಡ್ಯೂಟಿ ಇರಲಿ, ಅದು ತಪ್ಪುವಂತಿಲ್ಲ. ನನ್ನ ಲಿಂಗ ಪೆಟ್ಟಿಗೆಯಲ್ಲಿ ಮಲಗಿದೆ ಎಂದು ಗೊತ್ತಿದ್ದೂ ಒಂದು ದಿನವೂ ನನಗೆ ಉಪದೇಶ ಮಾಡಿದವರಲ್ಲ. “ನಿಂದು ನಿದ್ದಿ ಮಾಡ್ಲಿ, ನಂದು ಎಚ್ಚರ ಅದ, ಇಬ್ಬರಿಗೂ ಸಾಕು” ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ನಾನು ಅವರ ಮನೆಗೆ ಹೋಗುತ್ತಿರಲಿಲ್ಲ.

ಆಮೇಲೆ ಬೆನ್ನುನೋವು ಎಂದು ಶುರುವಾಯಿತು. ಕಲಬುರಗಿಯಲ್ಲಿ ತೋರಿಸಿದಾಗ ಬೆನ್ನೆಲುಬಿಗೆ ಕ್ಯಾನ್ಸರ್ ಹಬ್ಬಿದೆ ಅಂದರು. ನೋವಿಗೆ ಕೊಟ್ಟ ಗುಳಿಗೆಗಳು ಜೋರಿನವು, ನೋವು ಇಳಿಯುತ್ತಿತ್ತು, ಜೊತೆಗೆ ಎಚ್ಚರವೂ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಹಾಗೆಯೇ ತೂಕಡಿಸಿದರು, ಅಂಗೈಯ ಲಿಂಗ ಜಾರಿ ನೆಲಕ್ಕೆ ಬಿತ್ತು. ನಮ್ಮ ಜನಕ್ಕೆ ಅದು ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಕೈಯಿಂದ ಕೂಸು ಜಾರಿದ ತಾಯಿಯ ಹಾಗೆ ಅವರು ಇಡೀ ದಿನ ಕೂತಿದ್ದರು. ಅಂದಿನಿಂದ ಪೂಜೆ ಮುಗಿಯುವ ತನಕ ಗುಳಿಗೆ ಮುಟ್ಟುವುದನ್ನು ಬಿಟ್ಟರು. ಗುಳಿಗೆ ಇಲ್ಲದೆ ಕೂರಲು ನೋವು ಬಿಡುತ್ತಿರಲಿಲ್ಲ.

“ಏನೂ ಬ್ಯಾಡ ನಂಗ, ದಿನಾ ಒಂದು ತಾಸು ನೆಟ್ಟಗ ಕುಂದ್ರಬೇಕು. ಎಚ್ಚರ ಇರಬೇಕು, ನೋವು ಇರಬಾರದು. ಅಷ್ಟಾದ್ರ ಸಾಕು” ಅಂದರು. ದವಾಖಾನೆಯಲ್ಲಿ ಇದೊಂದು ಬೇಡಿಕೆ ಎಂದು ಯಾರೂ ಬರೆದುಕೊಳ್ಳಲಿಲ್ಲ.

ಆಗಲೇ ಸೇಡಂನ ವೈದ್ಯರ ಅರ್ಜಿ ನನ್ನ ಟೇಬಲ್ಲಿಗೆ ಬಂತು. ವೈಷ್ಣವ ಮನೆತನ, ಹಣೆಗೆ ಅಂಗಾರ ಅಕ್ಷತೆ ತಪ್ಪದ ಹಿರಿಯರು, ತೈಲ ಲೇಹ್ಯಗಳ ಸಣ್ಣ ಕಾರ್ಖಾನೆಯನ್ನು ಮನೆಯ ಹಿಂದೆಯೇ ನಡೆಸುವವರು. ಆಯುರ್ವೇದದಲ್ಲಿ ಭಂಗಿಯ, ಅಂದರೆ ಗಾಂಜಾ ಗಿಡದ, ಎಲೆಗೆ ವಿಜಯಾ ಎಂದು ಹೆಸರು. ವಿಜಯಾ ಹಾಕಿದ ತೈಲ ಮಾಡಲು ಅವರಿಗೆ ಔಷಧದ ಲೈಸೆನ್ಸ್ ಸಿಕ್ಕಿತ್ತು. ಆದರೆ ಎಲೆ ತರಿಸಿ ಮನೆಯಲ್ಲಿಟ್ಟುಕೊಳ್ಳಲು ನಮ್ಮ ಇಲಾಖೆಯ ಪರವಾನಗಿ ಬೇಕು. ಕಾನೂನು ವಿಚಿತ್ರ. ಅದೇ ಗಿಡದ ಹೂವಿಗೆ ಜೈಲು, ಎಲೆಗೆ ಮಾಫಿ. ಮಾಫಿ ಅಂದರೂ ಎರಡು ಬೀಗದ ಕೋಣೆ, ಬೀಗದ ಕೈ ಒಂದು ಅವರ ಬಳಿ ಒಂದು ನಮ್ಮ ಬಳಿ, ಯಾವ ಹೊತ್ತಿನಲ್ಲಾದರೂ ಅಧಿಕಾರಿ ಬಂದು ತೆಗೆದು ತೂಗಿ ನೋಡುವ ಹಾಗಿರಬೇಕು. ಆ ಕೋಣೆ ನೋಡಿ ವರದಿ ಬರೆಯುವವಳು ನಾನು.

ಅಕ್ಕ ಆ ವೈದ್ಯರ ಹಳೆಯ ರೋಗಿ. ಈ ತೈಲದಲ್ಲಿ ನೋವು ತಗ್ಗೀತು, ಆ ಗುಳಿಗೆಯಷ್ಟು ಮಂಪರು ಇರಲಿಕ್ಕಿಲ್ಲ ಎಂದು ವೈದ್ಯರು ಹೇಳಿದ್ದರು. ದೊಡ್ಡ ದವಾಖಾನೆಯ ಡಾಕ್ಟರೂ ಬೇಡ ಅನ್ನಲಿಲ್ಲ. ಅಕ್ಕನ ಆಸೆಯೆಲ್ಲ ಈಗ ಆ ಫೈಲಿನ ಮೇಲೆ ಕೂತಿತ್ತು.

ನಾನು ಮೇಲಿನ ಅಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇಂಥವರು ನನ್ನ ನೆರೆಯವರು, ಅವರ ಮನೆಯಲ್ಲಿ ನಾನು ಉಣ್ಣುತ್ತೇನೆ, ಅವರಿಗೆ ಈ ಔಷಧ ಬೇಕಾಗಿದೆ. ಅಧಿಕಾರಿ ಯೋಚಿಸಿ, “ರಕ್ತಸಂಬಂಧ ಅಲ್ಲವಲ್ಲ, ನೀವೇ ಮಾಡಿ. ಬೇರೆಯವರಿಗೆ ಕೊಟ್ಟರೆ ಮತ್ತೆ ಮೊದಲಿಂದ. ಆದರೆ ಆರ್ಡರ್ ಆಗಿ, ಎಲೆ ಬಂದು ಬೀಗ ಬೀಳುವ ತನಕ ಆ ನೆರೆಮನೆಯ ಹೊಸ್ತಿಲು ತುಳಿಯಬೇಡಿ” ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ನಮ್ಮ ಸೀಮೆಯಲ್ಲಿ ಮೂಗರ್ಜಿ ಬರೆಯುವವರಿಗೆ ಕೈತುರಿಕೆ ಜಾಸ್ತಿ. ಹೆಸರಿಲ್ಲ, ಸಹಿಯಿಲ್ಲ, ಒಳಗೆ ಮಾತ್ರ ಊರಿನ ಎಲ್ಲ ಮನೆಗಳ ಊಟದ ಲೆಕ್ಕ. ಅಂಥದ್ದೊಂದು ಬಿದ್ದರೆ ಪರವಾನಗಿ ತಿಂಗಳುಗಟ್ಟಲೆ ಮೂಲೆಗೆ ಬೀಳುತ್ತಿತ್ತು.

ಆ ಸಂಜೆ ಅಕ್ಕನಿಗೆ ಹೇಳಿದೆ. ಅವರು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ, ಗೋಡೆ ನೋಡುತ್ತಾ ಕೇಳಿಸಿಕೊಂಡರು.

“ಹಂಗಾರ ಎಣ್ಣಿ ಬ್ಯಾಡ ಬಿಡು. ನೀ ಬಾ.”

ನನಗೆ ಸಿಟ್ಟು ಬಂತು. ಯಾರ ಸಲುವಾಗಿ ಇಷ್ಟೆಲ್ಲ ಎಂದು ದನಿ ಏರಿಸಿ ಕೇಳಿದೆ. “ಕುಂದ್ರಾಕ ಆಗವಲ್ದು ಅಂತ ದಿನಾ ಅಳ್ತೀದಿ. ಈಗ ಬ್ಯಾಡಂತೀದಿ. ನಾ ಬರೂದಿಲ್ಲ, ಆರ್ಡರ್ ತಗೊಂಡೇ ಬರ್ತೀನಿ” ಎಂದು ಎದ್ದು ಬಂದೆ. ಹೊಸ್ತಿಲು ದಾಟುವಾಗ ಹಿಂದೆ ನೋಡಲಿಲ್ಲ.

ವೈದ್ಯರ ಮನೆಗೆ ಮೊದಲ ತಪಾಸಣೆಗೆ ಹೋದ ದಿನವನ್ನು ನೆನೆದರೆ ಇವತ್ತಿಗೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. “ಬರ್ರಿ ಮೇಡಂ, ಕೂಡ್ರಿ, ಚಹಾ ಮಾಡ್ಲಿಕತ್ತಾರ” ಅಂದರು. ಒಲ್ಲೆ ಅಂದೆ. ಕೋಣೆ ತೋರಿಸಿ ಅಂದೆ. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ತೇಗದ ದಪ್ಪ ಬಾಗಿಲೊಂದರ ಮುಂದೆ ನಿಲ್ಲಿಸಿದರು. ಬಾಗಿಲಿಗೆ ಹೊಸ ಬೀಗಗಳು ಎರಡು. ಮೇಲೆ ಶಂಖ ಚಕ್ರದ ಕೆತ್ತನೆ. ಒಳಗಿಂದ ತುಳಸಿ, ಗಂಧದ ವಾಸನೆ.

“ಇದು ದೇವರ ಕೋಣಿ ಅಲ್ಲೇನ್ರಿ?”

“ಹೌದ್ರಿ. ಈ ಮನಿಯೊಳಗ ಇದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ. ಮುತ್ತಜ್ಜನ ಕಾಲದಿಂದ ಕಳ್ಳರೂ ಈ ಬಾಗಿಲಾ ಮುಟ್ಟಿಲ್ಲ. ನನ್ನ ಮಕ್ಕಳಿಗೇ ಮಡಿ ಇಲ್ಲದ ಒಳಗ ಪ್ರವೇಶ ಇಲ್ರಿ, ಇನ್ನು ಬ್ಯಾರೇದವರು ಎಲ್ಲಿಂದ ಬರ್ತಾರ?”

ಅವರ ಮುಖದಲ್ಲಿ ಪೂರಾ ವಿಶ್ವಾಸ. ಸರ್ಕಾರ ಭದ್ರತೆ ಕೇಳಿತ್ತು, ಅವರು ತಮ್ಮ ಮನೆಯಲ್ಲಿದ್ದ ಅತ್ಯಂತ ಭದ್ರವಾದದ್ದನ್ನು ಕೊಟ್ಟಿದ್ದರು. ನಾನು ಒಳಗೆ ಹೋಗಿ ಅಳತೆ ತೆಗೆಯಬೇಕು ಅಂದೆ. ಅವರು ನನ್ನ ಸೊಂಟದ ಕಡೆ ನೋಡಿ, ನೋಡಬಾರದ್ದು ನೋಡಿದವರಂತೆ ಕಣ್ಣು ಕೆಳಗೆ ಹಾಕಿದರು.

“ಬೆಲ್ಟು ಚರ್ಮದ್ದೇನ್ರಿ ಮೇಡಂ?”

“ಚರ್ಮದ್ದೇ.”

“ಅದೊಂದು ಜರಾ ತೆಗೆದಿಟ್ಟು… ಆಮ್ಯಾಲ ಒಂದ್ ತಂಬಿಗಿ ನೀರು ಮೈಮ್ಯಾಲ…” ಎಂದು ತಡವರಿಸಿದರು. ಹೆಂಗಸರ ಹೊರಗಿನ ದಿನಗಳ ಪ್ರಶ್ನೆಯೂ ಅವರ ನಾಲಿಗೆಯ ತುದಿಯಲ್ಲಿತ್ತು, ಪಾಪ, ಕೇಳುವ ಧೈರ್ಯವಾಗಲಿಲ್ಲ.

“ನಾ ನಡುರಾತ್ರಿ ದಾಳಿಗೆ ಬಂದ್ರ ಏನು ಮಾಡ್ತೀರಿ?”

“ಬರ್ರಿ, ಬಾವಿ ಇಲ್ಲೇ ಅದ, ಬಿಸಿನೀರ ಕಾಸಿ ಕೊಡ್ತೀವಿ” ಅಂದರು, ಬಹಳ ಮರ್ಯಾದೆಯಿಂದ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ದೇವರನ್ನೇ ಕೊಡಲು ಬಂದಿದ್ದ, ತೆಗೆದುಕೊಳ್ಳುವ ಹಾಗಿರಲಿಲ್ಲ. ಕಾನೂನಿಗೆ ಮಡಿ ಗೊತ್ತಿಲ್ಲ. ಯಾವ ಹೊತ್ತಿನಲ್ಲೂ, ಯಾವ ಸ್ಥಿತಿಯಲ್ಲೂ, ಬೂಟು ಬೆಲ್ಟು ಸಮೇತ ಅಧಿಕಾರಿ ಒಳಗೆ ನುಗ್ಗುವ ಹಾಗಿರಬೇಕು. ‘ಕೋಣೆ ಯೋಗ್ಯವಿಲ್ಲ’ ಎಂದು ಅಲ್ಲಿಯೇ ನಿಂತು ಬರೆದೆ. ವೈದ್ಯರ ಮುಖ ಬಾಡಿತು. ದೇವರ ಕೋಣೆ ಯೋಗ್ಯವಿಲ್ಲ ಎಂಬ ಮಾತನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಜೀಪಿನಲ್ಲಿ ಕೂತ ಮೇಲೆ ಡ್ರೈವರ್ ಬಿಸಿನೀರಿನ ಮಾತು ತೆಗೆದು ನಕ್ಕ, ನಾನೂ ನಕ್ಕೆ. ಕಾಗಿಣಾ ಸೇತುವೆ ದಾಟುವಾಗ ನನಗೆ ಅಳು ಬಂತು. ನಾನು ಬರೆದ ಆ ಒಂದು ಸಾಲಿನಿಂದ ಅಕ್ಕ ಇನ್ನೂ ಎಷ್ಟು ಬೆಳಗುಗಳನ್ನು ನೋವಿನಲ್ಲಿ ತಳ್ಳಬೇಕಾಗಿತ್ತು. 

ಬೇರೆ ಕೋಣೆ ಕಟ್ಟಿಸಿ ಅಂದರೆ ಇನ್ನೊಂದು ತೊಡಕು. ಆಗ ಆಷಾಢ ಹಿಡಿದಿತ್ತು. “ಆಷಾಢದೊಳಗ ಬುನಾದಿ ಹಾಕಂಗಿಲ್ರಿ ಮೇಡಂ, ಶ್ರಾವಣ ಬರ್ಲಿ” ಎಂದು ಕಚೇರಿಗೆ ಬಂದು ಹೇಳಿದರು. ನನ್ನ ಎದೆಯೊಳಗೆ ಬೆಂಕಿ. ಆದರೆ ಅರ್ಜಿದಾರರಿಗೆ ಬೇಗ ಮಾಡಿ ಎಂದು ಹೇಳುವಂತಿಲ್ಲ, ಹೇಳಿದರೆ ಅದೇ ಮೂಗರ್ಜಿಗೆ ಮೊದಲ ಸಾಲು. ಕಲ್ಲಿನ ಹಾಗೆ ಮುಖ ಮಾಡಿಕೊಂಡು, “ನಿಯಮದಾಗ ಕೋಣಿ ಅಂತದ ಅಷ್ಟೇ, ಬುನಾದಿ ಅಂತ ಎಲ್ಲಿನೂ ಇಲ್ರಿ” ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಎದ್ದು ಹೋದರು.

ಆ ಮಳೆಗಾಲದಷ್ಟು ಒಂಟಿತನವನ್ನು ನಾನು ಹಿಂದೆ ಕಂಡಿರಲಿಲ್ಲ. ಮೊದಲೂ ಒಬ್ಬಳೇ ಇದ್ದೆ, ಆದರೆ ಆಗ ಯಾರಿಲ್ಲ ಎಂದು ಗೊತ್ತಿರಲಿಲ್ಲ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅಕ್ಕನ ಮನೆಗೆ ಬರುವ ಅಡುಗೆಯವಳು ಬಾಗಿಲು ತೆಗೆಯುವ ಸದ್ದು ಕೇಳುತ್ತಿತ್ತು. ಸ್ನಾನದ ತಂಬಿಗೆಯ ಸದ್ದು, ಆಮೇಲೆ ಚಾಪೆ ಹಾಸುವ ಸದ್ದು. ಆಮೇಲೆ ಅಕ್ಕ ಕೂರಲು ಮಾಡುವ ಪ್ರಯತ್ನ. ಹಲ್ಲು ಕಚ್ಚಿ ಹಿಡಿದ ಒಂದು ನರಳಿಕೆ, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಅದೇ. ನಾನು ಗೋಡೆಯ ಈಚೆ ಸಮವಸ್ತ್ರ ಹಾಕಿಕೊಂಡು, ಬೂಟಿನ ಲೇಸು ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ಕೊನೆಗೆ ಅವರು ಮಲಗಿಕೊಂಡೇ ಲಿಂಗವನ್ನು ಎದೆಯ ಮೇಲಿಟ್ಟುಕೊಳ್ಳುತ್ತಾರೆ ಎಂದು ಅಡುಗೆಯವಳು ನಲ್ಲಿಯ ಹತ್ತಿರ ಹೇಳಿದಳು. “ನಿಮ್ಮನ್ನ ಕೇಳ್ತಾರ್ರೀ, ಊರಾಗ ಅದಾಳೋ ಇಲ್ಲೋ ಅಂತ” ಎಂದೂ ಹೇಳಿದಳು. ಇದ್ದೀನಿ ಅಂತ ಹೇಳು ಅಂದೆ. ಬೇರೇನು ಹೇಳಲಿ?

ಊಟ ಮಾಡುವುದು ಒಂದು ಶಿಕ್ಷೆಯಾಯಿತು. ರೊಟ್ಟಿ ಬಡಿಯುವ ಮನಸ್ಸಾಗದೆ ವಾಡಿ ಸ್ಟೇಷನ್ನಿನ ಎದುರಿನ ಖಾನಾವಳಿಯಲ್ಲಿ ಉಂಡು ಬರುತ್ತಿದ್ದೆ. ಅಲ್ಲಿ ಟ್ರೈನಿಗೆ ಕಾಯುವವರೇ ಎಲ್ಲ, ಯಾರಿಗೂ ಯಾರ ಮುಖವೂ ಬೇಡ. ಮಾಲೀಕ ಒಮ್ಮೆ “ಯಾವ ಗಾಡಿರೀ ನಿಮ್ದು?” ಎಂದು ಕೇಳಿದ. ಯಾವುದೂ ಇಲ್ಲ ಅಂದೆ. ಅವನು ವಿಚಿತ್ರವಾಗಿ ನೋಡಿ ಸಾರು ಬಡಿಸಿದ.

ಹೀಗಿರುವಾಗ ವೈದ್ಯರಿಂದ ಎರಡನೆಯ ತಪಾಸಣೆಗೆ ಕರೆ ಬಂತು. ಹೋಗಿ ನೋಡಿದರೆ ಹಿಂದಿನ ಅಂಗಳದ ಹಳೆಯ ಗಚ್ಚಿನ ಮೇಲೆಯೇ, ನೆಲ ಅಗೆಯದೆ, ಶಹಾಬಾದಿನ ದೊಡ್ಡ ದೊಡ್ಡ ಪರಸಿ ಕಲ್ಲುಗಳನ್ನು ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿದು, ಮೇಲೂ ಕಲ್ಲು ಹೊದಿಸಿ ಕೋಣೆ ಮಾಡಿಸಿದ್ದರು. ಬಾಗಿಲು ಕಬ್ಬಿಣದ್ದು.

“ಇದು ಕಟ್ಟಡ ಅಲ್ರಿ, ಪೆಟ್ಟಿಗಿ. ಪೆಟ್ಟಿಗಿಗೆ ಯಾವ ಮುಹೂರ್ತ? ಆಷಾಢಾ ಇರಲಿ, ಏನಾರ ಇರಲಿ” ಅಂದರು. ಅವರ ಕಣ್ಣಲ್ಲಿ ತುಂಟತನವಿತ್ತು. “ಬೂಟ್ ಹಾಕ್ಕೊಂಡೇ ಬರ್ರಿ ಮೇಡಂ.”

ಒಳಗೆ ಹೋಗಿ ನಿಂತೆ. ಕಲ್ಲಿನ ತಂಪು. ಅಳತೆ ತೆಗೆದೆ, ಬೀಗ ಹಾಕಿ ತೆಗೆದು ನೋಡಿದೆ, ಬಿರುಕುಗಳಲ್ಲಿ ಬೆರಳಿಟ್ಟು ನೋಡಿದೆ. ತಪ್ಪು ಹುಡುಕಿದೆ, ಯಾಕೆಂದರೆ ನಾನು ಬಿಟ್ಟ ತಪ್ಪನ್ನು ಬೇರೆಯವರು ಹುಡುಕಿದರೆ ಎಲ್ಲ ಮಣ್ಣುಪಾಲು. ಒಂದೂ ಸಿಗಲಿಲ್ಲ. ವರದಿ ಹೋಯಿತು, ಆರ್ಡರ್ ಬಂತು. ಉತ್ತರದ ಒಂದು ರಾಜ್ಯದ ಸರ್ಕಾರಿ ಗೋದಾಮಿನಿಂದ ಮೊಹರು ಮಾಡಿದ ಎಲೆಯ ಚೀಲಗಳು ಬಂದವು. ಮೊಹರು ಒಡೆದು ತೂಗುವಾಗ ಅದೇ ವಾಸನೆ, ಚಿಂಚೋಳಿಯ ಹೊಲಗಳಲ್ಲಿ ಸುಟ್ಟು ಸುಟ್ಟು ನನ್ನ ಕೂದಲಿಗೆ ಅಂಟಿದ ವಾಸನೆ. ಆ ಎಲೆಯನ್ನು ಮೊದಲ ಸಲ ಬೆಂಕಿಗಲ್ಲದೆ ಬೇರೆ ಕೆಲಸಕ್ಕೆ ತೂಗಿದೆ. ನನ್ನ ಬೀಗ ಹಾಕಿ, ಬೀಗದ ಕೈಯನ್ನು ಕಚೇರಿಯ ತಿಜೋರಿಯಲ್ಲಿಟ್ಟೆ.

ಅಂದೇ ಸಂಜೆ ಅಕ್ಕನ ಹೊಸ್ತಿಲು ದಾಟಿದೆ. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. “ಉಂಡೀದೇನು?” ಅಂದರು. ನಾನು ಅವರ ಪಾದದ ಕಡೆ ಕೂತು ಅತ್ತೆ. ಬಹಳ ಹೊತ್ತು ಅತ್ತೆ.

ತೈಲ ತಯಾರಾಗಿ ಸಣ್ಣ ಸೀಸೆಯಲ್ಲಿ ಬಂದ ದಿನ ವೈದ್ಯರೇ ಬಂದು ಪ್ರಮಾಣ ಹೇಳಿ ಹೋದರು. ಇಷ್ಟೇ ಹನಿ, ಇಂಥ ಹೊತ್ತಿಗೆ. ಮಂಪರು ಬರಬಹುದೇ ಎಂದು ಅಕ್ಕ ಕೇಳಿದಾಗ, “ಕಡಿಮಿ ಪ್ರಮಾಣ ಅದ, ಭಾಳ ಮಂದಿಗೆ ಬರಂಗಿಲ್ಲ, ಆದ್ರ ನಾ ಆಣಿ ಮಾಡಿ ಹೇಳಲಾರೆ” ಅಂದರು. ಅವರು ಹೋದ ಮೇಲೆ ಅಕ್ಕ ಸೀಸೆಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು.

“ನೀ ಹೇಳು. ಇದರಾಗ ಅಮಲು ಅದನೋ ಇಲ್ಲೋ? ಸರ್ಕಾರ ಏನಂತದ ನಂಗ ಬ್ಯಾಡ. ಜಲ್ಮಪೂರ್ತಿ ಅಮಲೇ ನೋಡಿದಾಕಿ ನೀನು. ನೀ ಇಲ್ಲ ಅಂದ್ರ ಪೂಜಾಕಿಂತ ಮೊದಲು ತಗೋತೀನಿ. ಅದ ಅಂದ್ರ ಅಮಲಿನ್ಯಾಗ ಲಿಂಗ ಹಿಡಿಯಾಂಗಿಲ್ಲ ನಾನು.”

ನಾನೇ ಓದಿ ಸಹಿ ಹಾಕಿದ ಕಾಗದಗಳ ಪ್ರಕಾರ ಎಲೆ ಮಾದಕವಸ್ತುವಲ್ಲ. ಇಲ್ಲ ಎಂಬ ಎರಡಕ್ಷರ ಸಾಕಾಗಿತ್ತು, ಅದು ಕಾನೂನಿನ ಪ್ರಕಾರ ಸುಳ್ಳೂ ಆಗುತ್ತಿರಲಿಲ್ಲ. ಆಕೆ ನಾಳೆ ಬೆಳಿಗ್ಗೆ ನೋವಿಲ್ಲದೆ ಕೂರುತ್ತಿದ್ದರು. ಅದಕ್ಕಾಗಿಯೇ ತಾನೇ ಇಷ್ಟು ದಿನ ಗೋಡೆಯ ಈಚೆ ಕೂತದ್ದು? ಆದರೆ ಭಂಗಿ ಕುಡಿದವರ ಕಣ್ಣನ್ನು ನಾನು ನೋಡಿದ್ದೇನೆ. ಸ್ವಲ್ಪವೋ ಬಹಳವೋ, ಅದು ಇರುತ್ತದೆ. ಮತ್ತೆ ಲಿಂಗ ಜಾರಿದರೆ? ಜಾರದಿದ್ದರೂ, ಇವರು ನನ್ನನ್ನು ನಂಬಿ ಕೇಳುತ್ತಿದ್ದಾರೆ. ನನ್ನನ್ನು ನಂಬಿ ಕೇಳಿದವರು ಇನ್ನಾರಿದ್ದಾರೆ?

“ಅದ, ಅಕ್ಕ” ಅಂದೆ. “ಜರಾ ಇರ್ತದ.”

ಅವರು ತಲೆ ಆಡಿಸಿದರು. ಸೀಸೆಯನ್ನು ಕಿಟಕಿಯಲ್ಲಿಟ್ಟರು. “ಹಂಗಾರ ಪೂಜಾ ಆದಮ್ಯಾಲ ತಗೋತೀನಿ” ಅಂದರು, ಚಹಾ ಆಮೇಲೆ ಕುಡಿಯುತ್ತೇನೆ ಎಂದು ಹೇಳುವ ದನಿಯಲ್ಲಿ. ಹೀಗೆ ಯಾವ ಒಂದು ತಾಸಿಗಾಗಿ ಆ ಎಲೆ ಅಷ್ಟು ದೂರದಿಂದ ಎರಡು ಬೀಗ ದಾಟಿ ಬಂದಿತ್ತೋ ಆ ಒಂದು ತಾಸನ್ನು ಬಿಟ್ಟು ಉಳಿದ ದಿನಕ್ಕೆಲ್ಲ ಅದು ಒದಗಿತು. ಮಧ್ಯಾಹ್ನ ನಿದ್ದೆ ಮಾಡಿದರು, ಎರಡು ತುತ್ತು ಹೆಚ್ಚು ಉಂಡರು, ನನ್ನ ಸೊಕ್ಕನ್ನು ಆಡಿಕೊಂಡು ಮತ್ತೆ ನಕ್ಕರು. ಬೆಳಗಿನ ನೋವು ಮಾತ್ರ ಇದ್ದ ಹಾಗೆಯೇ ಇತ್ತು.

ನಾನು ನನ್ನ ಮೇಲೆಯೇ ಕುದಿಯುತ್ತಿದ್ದೆ. ಅವರಿಗೆ ಅದು ತಿಳಿಯಿತು. ಒಂದು ಬೆಳಿಗ್ಗೆ ಗೋಡೆ ಬಡಿದು ಕರೆದರು.

“ಬಾ ಇಲ್ಲಿ. ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕುಂದ್ರು. ಗ್ವಾಡಿಗೆ ಆನಿಕೊಂಡ್ರ ಗ್ವಾಡಿ ಬಿರುಸು, ತಲದಿಂಬು ಇಟ್ರ ಜಾರ್ತದ. ನೀ ಗಟ್ಟಿ ಅದಿ.”

ಕೂತೆ. ಸಮವಸ್ತ್ರದಲ್ಲಿಯೇ ಕೂತೆ, ಬೆಲ್ಟು ಮಾತ್ರ ಬಿಚ್ಚಿದೆ, ಅದರ ಕೊಂಡಿ ಅವರ ಎಲುಬಿಗೆ ಚುಚ್ಚದಿರಲಿ ಎಂದು. ಅವರ ಬೆನ್ನಿನ ಒಂದೊಂದು ಮಣಿಯೂ ನನ್ನ ಬೆನ್ನಿಗೆ ಸಿಗುತ್ತಿತ್ತು. ನೋವು ಬಂದಾಗ ಒಂದು ನಡುಕ ಆ ಕಡೆಯಿಂದ ಈ ಕಡೆಗೆ ದಾಟುತ್ತಿತ್ತು, ನಾನು ಇನ್ನಷ್ಟು ಒತ್ತಿ ಕೂರುತ್ತಿದ್ದೆ. ಅವರು ಪೂರ್ವಕ್ಕೆ, ಅಂಗೈ ನೋಡುತ್ತಾ. ನಾನು ಪಡುವಣದ ಬಾಗಿಲು ನೋಡುತ್ತಾ. ಮಂತ್ರ ಪಿಸುಮಾತಿನಲ್ಲಿ ಕೇಳುತ್ತಿತ್ತು. ನೋವು ಹೋಗಲಿಲ್ಲ, ಆದರೆ ಅವರು ಕೂತರು. ಅಂದಿನಿಂದ ಕಚೇರಿಗೆ ಹೋಗುವ ಮುಂಚೆ ದಿನವೂ ಅದು ನನ್ನ ಕೆಲಸವಾಯಿತು. ನನ್ನ ಬದುಕಿನಲ್ಲಿ ನಾನು ಒಬ್ಬಳೇ ಅಲ್ಲ ಎಂದು ಖಾತ್ರಿಯಾಗಿ ಗೊತ್ತಿದ್ದ ಹೊತ್ತು ಅದೊಂದೇ. ಅವರ ಮುಖ ಆಗ ಹೇಗಿರುತ್ತಿತ್ತು ಎಂದು ನೋಡುವ ಆಸೆ ಬಹಳವಿತ್ತು. ನೋಡಲು ತಿರುಗಿದರೆ ಅವರು ಬೀಳುತ್ತಿದ್ದರು.

ತೊಗರಿ ರಾಶಿಯ ಕಾಲದಲ್ಲಿ ಅಕ್ಕ ಹೋದರು, ತೈಲ ತಂದ ನಿದ್ದೆಯಲ್ಲಿ, ಮಧ್ಯಾಹ್ನ. ಬೆಳಗಿನ ಪೂಜೆ ಮುಗಿದಿತ್ತು.

ನಮ್ಮಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಶಾಲೆಯ ಮಕ್ಕಳು, ಮಾಸ್ತರರು, ವೈದ್ಯರೂ ದೂರದಲ್ಲಿ ನಿಂತಿದ್ದರು. ಕುಣಿಯೊಳಗಿನ ಗೂಡಿನಲ್ಲಿ ಅಕ್ಕನನ್ನು ಚಕ್ಕಳಮಕ್ಕಳ ಹಾಕಿಸಿ ಕೂಡಿಸಿ, ಅಯ್ಯನವರು ಇಳಿದು ಎಡ ಅಂಗೈಯಲ್ಲಿ ಲಿಂಗವಿಟ್ಟರು. ಹಣೆಗೆ ವಿಭೂತಿ. ನಾನು ಮೇಲೆ, ಸರಿಯಾಗಿ ಎದುರಿಗೆ ನಿಂತಿದ್ದೆ. ಅಕ್ಕ ಪೂಜೆಗೆ ಕೂತದ್ದನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಎಷ್ಟು ನೆಟ್ಟಗೆ ಕೂತಿದ್ದರು! ಹುಬ್ಬು ಗಂಟಿಕ್ಕಿರಲಿಲ್ಲ, ತುಟಿ ಕಚ್ಚಿರಲಿಲ್ಲ. ಅವರು ನನ್ನಲ್ಲಿ ಕೇಳಿದ್ದು ಇಷ್ಟೇ, ಇದನ್ನು ಕೊಡಲು ನನ್ನಿಂದ ಆಗಿರಲಿಲ್ಲ.

ಅವರ ಬೆನ್ನು ಕರಿಯ ಹಸಿ ಮಣ್ಣಿಗೆ ತಾಗಿತ್ತು. ಆ ಮಣ್ಣು ತಣ್ಣಗಿರುತ್ತದೆ, ಅದು ನನ್ನ ಜಾಗ ಅನ್ನಿಸಿತು. ಇಳಿದು ಅವರ ಹಿಂದೆ ಹೋಗಿ ಕೂರಬೇಕು ಎಂದು ಕಾಲು ಮುಂದೆ ಬಂತು. ಯಾರೋ ರಟ್ಟೆ ಹಿಡಿದು, “ಹಿಂದಕ್ಕ ಸರೀರಿ ಮೇಡಂ, ಮಣ್ಣ ಹಾಕ್ತಾರ” ಅಂದರು. ಸರಿದು ನಿಂತೆ.